ಆರು ತಂತಿಗಳ ಜಂಟಿ ಖಾತೆ

ಮಕ್ಕಳೇ, ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ನಡುನಡುವೆ ಒಂದು ಕಡ್ಡಿ ಹಿಡಿದು ಅಲ್ಲಾಡಿಸುವುದನ್ನು ಟಿವಿಯಲ್ಲಿ ನೋಡಿದ್ದೀರಾ? ಕಡ್ಡಿ ಒತ್ತಿದರೆ ಸ್ವರ ಜಾರಿ ಕೆಳಗಿಳಿಯುತ್ತದೆ. ಬಿಟ್ಟರೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ನಮ್ಮ ಸಂಗೀತದ ಗಮಕ ಬಲ್ಲ ಅಜ್ಜ-ಅಜ್ಜಿಯರಿಗೆ ಈ ಓಲಾಟ ಹೊಸದೇನಲ್ಲ. ವೀಣೆ, ತಂಬೂರಿಗಳಲ್ಲಿ ತಂತಿಗಳನ್ನು ಹೊರುವ ಕುದುರೆ ಅಲ್ಲಾಡುವುದಿಲ್ಲ. ಈ ಗಿಟಾರಿನಲ್ಲಿ ಕುದುರೆಯೇ ಓಲಾಡುತ್ತದೆ. ಅದಕ್ಕೆ ಟ್ರೆಮೊಲೊ ಎಂದು ಹೆಸರು.

ಇಂಥ ಕುದುರೆಯಿರುವ ಗಿಟಾರುಗಳಲ್ಲಿ ಬಹಳ ಪ್ರಸಿದ್ಧವಾದದ್ದು ಸ್ಟ್ರಾಟೋಕ್ಯಾಸ್ಟರ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಅದನ್ನು 1954ರಲ್ಲಿ ಹೊರತಂದಿತು. ಫೆಂಡರ್ ಓದಿದ್ದು ಲೆಕ್ಕಪತ್ರ. ಮೊದಲು ಲೆಕ್ಕ ಬರೆಯುವ ಕೆಲಸದಲ್ಲಿದ್ದು, ಆಮೇಲೆ ರೇಡಿಯೋ ರಿಪೇರಿ ಅಂಗಡಿ ತೆರೆದರು. ತಮಾಷೆಯೆಂದರೆ, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದನ್ನು ಓದಿ ಖುಷಿಯಾಯಿತು. ಏಕೆಂದರೆ ಈ ಕುದುರೆಯಲ್ಲಿ ಅಡಗಿರುವುದು ಅಪ್ಪಟ ಜಮಾ-ಖರ್ಚಿನ ಲೆಕ್ಕ.

ಹೇಗೆಂದು ನೋಡಿ. ಗಿಟಾರಿನ ಆರು ತಂತಿಗಳೂ ಕುದುರೆಯನ್ನು ಕತ್ತಿನ ಕಡೆಗೆ ಎಳೆಯುತ್ತವೆ. ತೆಳುವಾದ ತಂತಿಗಳ ಸೆಟ್ ಹಾಕಿದ್ದರೂ ಎಲ್ಲದರ ಎಳೆತ ಸೇರಿ ಸುಮಾರು 38 ಕೆ.ಜಿ. ಆಗುತ್ತದೆ. ಅಂದರೆ ದೊಡ್ಡ ಶಾಲಾಹುಡುಗನೊಬ್ಬ ಜೋತುಬಿದ್ದಷ್ಟು! ಕುದುರೆ ಕಿತ್ತುಬರದಂತೆ ಅದರ ಮುಂದಿನ ಅಂಚನ್ನು ಸ್ಕ್ರೂಗಳು ಹಿಡಿದಿರುತ್ತವೆ. ಆದರೆ ಅದು ಮುಂದಕ್ಕೆ ವಾಲದಂತೆ ತಡೆಯುವವರು ಯಾರು? ಗಿಟಾರಿನ ಬೆನ್ನಿನ ಮುಚ್ಚಳ ಬಿಚ್ಚಿದರೆ ಗುಟ್ಟು ತಿಳಿಯುತ್ತದೆ. ಒಳಗೆ ಮೂರರಿಂದ ಐದು ಸ್ಪ್ರಿಂಗುಗಳು ಕುದುರೆಯ ಕೆಳಭಾಗವನ್ನು ಹಿಡಿದೆಳೆಯುತ್ತಿರುತ್ತವೆ. ಮೇಲೆ ತಂತಿ, ಕೆಳಗೆ ಸ್ಪ್ರಿಂಗ್. ಎರಡೂ ಕಡೆಯ ಬಲ ತಕ್ಕಡಿಯಂತೆ ಸರಿದೂಗಿದಾಗ ಕುದುರೆಯ ಹಿಂಬದಿ ಮರದಿಂದ ಸುಮಾರು 3 ಮಿಲಿಮೀಟರ್ ಮೇಲೆ ತೇಲುತ್ತಾ ನಿಲ್ಲುತ್ತದೆ.

ತೊಂದರೆಯೂ ಇಲ್ಲೇ ಇದೆ. ಎಂಟನೇ ತರಗತಿಯ ನನ್ನ ಮೊಮ್ಮಗಳು ಇಂಥದೊಂದು ಗಿಟಾರ್ ಕಲಿಯಲು ಶುರುಮಾಡಿದಳು. "ತಾತ, ಈ ತಂತಿ ಈಗಷ್ಟೇ ಸರಿಮಾಡಿದ್ದೆ, ಮತ್ತೆ ಹೋಯ್ತು!" ಎಂದು ದಿನವೂ ಗೋಳು. "ನಿಂಗೆ ಶ್ರುತಿಜ್ಞಾನ ಇಲ್ಲ, ಬಿಡು" ಎಂದ ಅವಳಪ್ಪ. ಮಗು ಗಿಟಾರನ್ನು ಚೀಲಕ್ಕೆ ಹಾಕಿ ಮೂಲೆಗಿಟ್ಟಿತು. ರಿಪೇರಿಯವರ ಹತ್ತಿರ ಒಯ್ದಾಗ ಅವರು ಮುಚ್ಚಳ ಬಿಚ್ಚಿ ತೋರಿಸಿ, "ಮಗುವಿನ ಕಿವಿ ಸರಿಯಾಗೇ ಇದೆ ಸಾರ್" ಎಂದರು.

ನಿಜ ಸಂಗತಿ ಇದು. ಒಂದು ತಂತಿಯ ಬಿರಡೆ ಬಿಗಿಮಾಡಿದರೆ ಎಳೆತ ಹೆಚ್ಚಿ ಕುದುರೆ ಕೂದಲೆಳೆಯಷ್ಟು ಮುಂದಕ್ಕೆ ವಾಲುತ್ತದೆ. ಆಗ ಉಳಿದ ಐದೂ ತಂತಿಗಳು ಸಡಿಲವಾಗಿ ಅವುಗಳ ಶ್ರುತಿ ಇಳಿಯುತ್ತದೆ. ಒಂದು ತಂತಿ ತುಂಡಾದರೆ ಇದಕ್ಕೆ ತದ್ವಿರುದ್ಧ: ಸ್ಪ್ರಿಂಗುಗಳದೇ ಮೇಲುಗೈಯಾಗಿ ಉಳಿದ ತಂತಿಗಳೆಲ್ಲ ಬಿಗಿದು ಶ್ರುತಿ ಏರುತ್ತದೆ. ಜಂಟಿ ಖಾತೆಯಲ್ಲಿ ಒಬ್ಬರು ಹಣ ತೆಗೆದರೆ ಎಲ್ಲರ ಬಾಕಿಯೂ ಇಳಿಯುವುದಿಲ್ಲವೇ, ಹಾಗೆ.

ಹಾಗಾದರೆ ಮಾಡುವುದೇನು?

ಆರೂ ತಂತಿಗಳನ್ನು ಒಂದು ಸುತ್ತು ಶ್ರುತಿ ಮಾಡಿ. ಮೊದಲನೆಯದು ತಪ್ಪಿದೆ ಎಂದು ಬೇಸರಿಸದೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಮಾಡಿ. ಪ್ರತಿ ಸುತ್ತಿಗೂ ವ್ಯತ್ಯಾಸ ಕಡಿಮೆಯಾಗುತ್ತಾ ಬಂದು ಕೊನೆಗೆ ಲೆಕ್ಕ ತಾಳೆಯಾಗುತ್ತದೆ.

ಹಳೆಯ ತಂತಿಗಳನ್ನು ಒಟ್ಟಿಗೇ ಬಿಚ್ಚಬೇಡಿ. ಒಂದನ್ನು ತೆಗೆದು, ಅದರ ಜಾಗಕ್ಕೆ ಹೊಸದನ್ನು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ.

ತಂತಿಯ ದಪ್ಪ ಬದಲಿಸಿದರೆ ಸ್ಪ್ರಿಂಗಿನ ಬಿಗಿಯೂ ಬದಲಾಗಬೇಕು. ಅತಿ ತೆಳುವಾದ ತಂತಿ 0.009 ಅಂಗುಲವಿದ್ದ ಸೆಟ್ ತೆಗೆದು 0.010 ಅಂಗುಲದ ಸೆಟ್ ಹಾಕಿದರೆ ಒಟ್ಟು ಎಳೆತ ಸುಮಾರು 47 ಕೆ.ಜಿ.ಗೆ ಏರುತ್ತದೆ. ಕುದುರೆಯ ಹಿಂಬದಿ ತೀರಾ ಎದ್ದು ನಿಂತಿದ್ದರೆ, ಸ್ಪ್ರಿಂಗುಗಳನ್ನು ಹಿಡಿದಿರುವ ಪಟ್ಟಿಯ ಎರಡು ಸ್ಕ್ರೂಗಳನ್ನು ಕಾಲು ಸುತ್ತು ಬಿಗಿಮಾಡಿ ಮತ್ತೆ ಶ್ರುತಿ ನೋಡಬೇಕು. ಮರಕ್ಕೆ ಕುಸಿದಿದ್ದರೆ ಸಡಿಲಿಸಬೇಕು. ಈ ಕೆಲಸ ದೊಡ್ಡವರ ಕೈಯಲ್ಲೇ ಆಗಲಿ. ತಂತಿ ಸಿಡಿದರೆ ಕಣ್ಣಿಗೆ ಅಪಾಯ, ಮುಖ ದೂರವಿರಲಿ.

ಕಡ್ಡಿಯೇ ಬೇಡ ಎನ್ನುವವರಿಗೂ ದಾರಿಯಿದೆ. ಹೆಸರಾಂತ ವಾದಕ ಎರಿಕ್ ಕ್ಲ್ಯಾಪ್ಟನ್ ತಮ್ಮ ಗಿಟಾರಿನೊಳಗೆ ಮರದ ತುಂಡೊಂದನ್ನು ಸಿಕ್ಕಿಸಿ ಕುದುರೆ ಅಲುಗದಂತೆ ಮಾಡಿಕೊಂಡವರು.

ಮೊಮ್ಮಗಳು ಈಗ ಅಭ್ಯಾಸಕ್ಕೆ ಮೊದಲು ಮೂರು ಸುತ್ತು ಶ್ರುತಿ ಮಾಡುತ್ತಾಳೆ. ಕಾಲು ಗಂಟೆ ಬೇಕಾಗುತ್ತದೆ. ನಿಮ್ಮ ಮನೆಯಲ್ಲೂ ಇಂಥ ಗಿಟಾರ್ ಇದ್ದು ಶ್ರುತಿ ನಿಲ್ಲದಿದ್ದರೆ, ಅಜ್ಜ-ಅಜ್ಜಿಯರೇ, ಮಗುವಿನ ಕಿವಿಯನ್ನು ದೂರುವ ಮೊದಲು ಗಿಟಾರಿನ ಬೆನ್ನಿನ ಮುಚ್ಚಳ ಬಿಚ್ಚಿಸಿ ನೋಡಿ.