ದುಬೈ ಚಿನ್ನದ ಪೇಟೆಯಲ್ಲಿ ಕೊಳ್ಳುವ ಮುನ್ನ
ದುಬೈನ ದೇರಾ ಚಿನ್ನದ ಪೇಟೆಯಲ್ಲಿ ಗ್ರಾಂ ದರ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಚೌಕಾಸಿ ನಡೆಯಬೇಕಾದದ್ದು ಒಡವೆ ಮಾಡಿದ ಕೂಲಿಯ, ಅಂದರೆ ಮಜೂರಿಯ ಮೇಲೆ. ಯಂತ್ರದಲ್ಲಿ ತಯಾರಾದ ಸಾದಾ ಬಳೆಗೆ ಕುಸುರಿ ಕೆಲಸದ ಸರದಷ್ಟೇ ಮಜೂರಿ ಹೇಳಿದರೆ ಒಪ್ಪಬೇಕಾಗಿಲ್ಲ. 916 ಎಂಬ ಮುದ್ರೆಯಿದ್ದರೆ ಅದು 22 ಕ್ಯಾರೆಟ್ ಚಿನ್ನ; ಹರಳಿನ ತೂಕವನ್ನು ಮಾತ್ರ ಬಿಲ್ಲಿನಲ್ಲಿ ಬೇರೆಯಾಗಿಯೇ ಬರೆಸಿಕೊಳ್ಳಬೇಕು. ಶೇ 5ರ ವ್ಯಾಟ್‌ನ, ಎಂದರೆ ಮೌಲ್ಯವರ್ಧಿತ ತೆರಿಗೆಯ, ಬಹುಪಾಲು ಪ್ರವಾಸಿಗರಿಗೆ ಮರಳಿ ಸಿಗುತ್ತದೆಯಾದರೂ, ಅದಕ್ಕಾಗಿ ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಖರೀದಿಯನ್ನು ನೋಂದಾಯಿಸಿ, ವಿಮಾನ ನಿಲ್ದಾಣದಲ್ಲಿ ಲಗೇಜು ಒಪ್ಪಿಸುವ ಮೊದಲೇ ದೃಢೀಕರಿಸಬೇಕು (ಸೂಟ್‌ಕೇಸ್ ಒಳಗೆ ಹೋದ ಮೇಲೆ ಸರಕನ್ನು ತೋರಿಸುವುದೆಂತು?). ಭಾರತದಲ್ಲಿ ಒಡವೆಗಿರುವ ಸುಂಕ ವಿನಾಯಿತಿ ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿದ್ದವರಿಗೆ ಮಾತ್ರ ಅನ್ವಯಿಸುವುದರಿಂದ, ವಾರದ ಪ್ರವಾಸ ಮುಗಿಸಿ ಬೆಂಗಳೂರಿಗೆ ಇಳಿಯುವವರು ಕೊಂಡ ಚಿನ್ನವನ್ನು ರೆಡ್ ಚಾನೆಲ್‌ನಲ್ಲಿ ಘೋಷಿಸಿ ಸುಂಕ ಕಟ್ಟಬೇಕಾಗುತ್ತದೆ.