ಕಪಾಟಿನಲ್ಲಿ ಮಲಗಿದ್ದ ನಾದ

ಸಂಗೀತ ಕಛೇರಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳುವುದು ತಂಬೂರಿಯ ನಾದ. ಪಕ್ಕವಾದ್ಯದವರು ಶ್ರುತಿ ಸೇರಿಸಿಕೊಳ್ಳುತ್ತಿರುತ್ತಾರೆ, ಮೈಕಿನವನು ತಂತಿ ಎಳೆಯುತ್ತಿರುತ್ತಾನೆ, ಶ್ರೋತೃಗಳು ಕುರ್ಚಿ ಹುಡುಕುತ್ತಿರುತ್ತಾರೆ. ಆ ನಾದಕ್ಕೆ ಯಾರೂ ಪ್ರತ್ಯೇಕವಾಗಿ ಕಿವಿಗೊಡುವುದಿಲ್ಲ. ಆದರೆ ಅದು ನಿಂತುಹೋದರೆ ಎಲ್ಲರಿಗೂ ಗೊತ್ತಾಗುತ್ತದೆ.

ಪಲ್ಲವಿಯಿಲ್ಲದ, ತಾಳವಿಲ್ಲದ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಹೇಳಲಾಗದ ಇಂಥ ನಾದವನ್ನೇ ಸಂಗೀತವೆಂದು ಕೇಳುವ ಪ್ರಕಾರವೊಂದು ಪಶ್ಚಿಮದಲ್ಲಿ ಬೆಳೆದಿದೆ. ಅದಕ್ಕೆ ಅಲ್ಲಿಯವರು 'ಆಂಬಿಯೆಂಟ್' ಎಂಬ ಹೆಸರಿಟ್ಟಿದ್ದಾರೆ. ಊದುಬತ್ತಿಯ ವಾಸನೆ ಕೋಣೆಯನ್ನು ತುಂಬುವಂತೆ ಸುತ್ತಲೂ ಹರಡಿಕೊಳ್ಳುವ ಸಂಗೀತ ಎಂದು ಅದನ್ನು ತಿಳಿಯಬಹುದು. ಯಂತ್ರಗಳಿಂದ ಹೊಸ ಧ್ವನಿಗಳನ್ನು ಹುಟ್ಟಿಸಿ ನೋಡುವ ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತ ಇದರ ಒಡಹುಟ್ಟು.

ಈ ಎರಡೂ ಪ್ರಕಾರಗಳಲ್ಲಿ ಹೊಸ ಆಲ್ಬಂಗಳು ರಾಶಿರಾಶಿಯಾಗಿ ಬರುತ್ತಲೇ ಇರುತ್ತವೆ. ಅವುಗಳ ನಡುವೆ 2023ರಲ್ಲಿ ಲಂಡನ್ನಿನಿಂದ ಬಂದ ಒಂದು ಆಲ್ಬಂ ಮಾತ್ರ ವಿಚಿತ್ರವಾದದ್ದು. ಬಿಡುಗಡೆ ಹೊಸದು, ಆದರೆ ಸಂಗೀತಕ್ಕೆ ಆಗಲೇ ಅರ್ಧ ಶತಮಾನದ ವಯಸ್ಸು. ಅದು ಹುಟ್ಟಿದ್ದು ಲಂಡನ್ನಿನಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ, ಗುಜರಾತಿನ ಅಹಮದಾಬಾದಿನಲ್ಲಿ. 'ದಿ ಎನ್‌ಐಡಿ ಟೇಪ್ಸ್: ಎಲೆಕ್ಟ್ರಾನಿಕ್ ಮ್ಯೂಸಿಕ್ ಫ್ರಂ ಇಂಡಿಯಾ 1969–1972' ಎಂಬುದು ಅದರ ಹೆಸರು. ಹೊರತಂದದ್ದು 'ಸ್ಟೇಟ್51 ಕಾನ್‌ಸ್ಪಿರಸಿ' ಎಂಬ ಸಂಸ್ಥೆ.

ಗುರುದಕ್ಷಿಣೆಯಾಗಿ ಸಂಗೀತ

ಈ ಕತೆಯ ಆರಂಭ 1946ರಲ್ಲಿದೆ. ಅಹಮದಾಬಾದಿನ ಹೆಸರಾಂತ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅವರ ಮಗಳು ಗೀತಾ ಸಾರಾಭಾಯಿ ಆ ವರ್ಷ ನ್ಯೂಯಾರ್ಕಿಗೆ ಹೋದರು. ವಿಜ್ಞಾನಿ ವಿಕ್ರಂ ಸಾರಾಭಾಯಿ ಅವರ ಸೋದರಿ ಇವರು. ಹೆಂಗಸರು ಪಖವಾಜ್ ಮುಟ್ಟುವುದೇ ಅಪರೂಪವಾಗಿದ್ದ ಕಾಲದಲ್ಲಿ ಪಖವಾಜ್ ಕಲಿತವರು. ಪಾಶ್ಚಾತ್ಯ ಸಂಗೀತದ ಪ್ರಭಾವ ಭಾರತೀಯ ಸಂಗೀತವನ್ನು ಏನು ಮಾಡೀತು ಎಂಬ ಆತಂಕ ಅವರಿಗಿತ್ತು. ಅದನ್ನು ದೂರದಿಂದ ಬೈಯುವ ಬದಲು ಹತ್ತಿರ ಹೋಗಿ ಕಲಿತು ನೋಡೋಣ ಎಂದು ಹೊರಟಿದ್ದರು.

ಅಲ್ಲಿ ಅವರಿಗೆ ಸಿಕ್ಕವರು ಜಾನ್ ಕೇಜ್, ಮುಂದೆ ಇಪ್ಪತ್ತನೆಯ ಶತಮಾನದ ಸಂಗೀತದ ದಿಕ್ಕನ್ನೇ ಬದಲಿಸಿದ ಅಮೆರಿಕನ್ ಸಂಯೋಜಕ. ಇಬ್ಬರ ನಡುವೆ ಒಪ್ಪಂದವಾಯಿತು. ಕೇಜ್ ಪಾಶ್ಚಾತ್ಯ ಸಂಗೀತ ಹೇಳಿಕೊಡುವುದು, ಗೀತಾ ಅವರು ಭಾರತೀಯ ಸಂಗೀತ ಹೇಳಿಕೊಡುವುದು, ಶುಲ್ಕದ ಮಾತಿಲ್ಲ. ಸಂಗೀತ ಏತಕ್ಕೆ ಎಂದು ಕೇಜ್ ಕೇಳಿದಾಗ ಗೀತಾ ತಮ್ಮ ಗುರುಗಳ ಮಾತನ್ನು ತಿಳಿಸಿದರು. ಮನಸ್ಸನ್ನು ಶಾಂತಗೊಳಿಸಿ, ದೈವೀ ಪ್ರಭಾವಕ್ಕೆ ಅದನ್ನು ಸಿದ್ಧಗೊಳಿಸುವುದೇ ಸಂಗೀತದ ಕೆಲಸ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಕೇಜ್ ಜೀವನದುದ್ದಕ್ಕೂ ನೆನೆಯುತ್ತಿದ್ದರು. 1946ರಿಂದ 1948ರವರೆಗೆ ಅವರು ರಚಿಸಿದ 'ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್' ನಮ್ಮ ರಸಸಿದ್ಧಾಂತವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು.

ಸಾರಾಭಾಯಿ ಮನೆತನದ ಜೊತೆ ಕೇಜ್ ಬಳಗದ ನಂಟು ಹೀಗೆ ಬೆಳೆಯಿತು. 1964ರಲ್ಲಿ ಮರ್ಸ್ ಕನ್ನಿಂಗ್‌ಹ್ಯಾಂ ನೃತ್ಯ ತಂಡ ವಿಶ್ವಪ್ರವಾಸ ಹೊರಟಾಗ ಅಹಮದಾಬಾದಿಗೂ ಬಂದಿತ್ತು. ತಂಡದಲ್ಲಿ ಕೇಜ್ ಇದ್ದರು. ಅವರ ಆಪ್ತ, ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಕೂಡ ಇದ್ದರು.

ಸಾಬರಮತಿ ದಡಕ್ಕೆ ಮೂಗ್

ಅಷ್ಟರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ತಲೆಯೆತ್ತಿತ್ತು. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಹಿನ್ನೆಲೆಯಲ್ಲಿ 1961ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ಅದನ್ನು ಕಟ್ಟಿ ಬೆಳೆಸಿದವರು ಗೀತಾ ಅವರ ಒಡಹುಟ್ಟಿದವರಾದ ಗೌತಮ್ ಮತ್ತು ಗಿರಾ ಸಾರಾಭಾಯಿ. ಕುರ್ಚಿ, ಬಟ್ಟೆ, ಅಕ್ಷರಗಳಿಗೆ ವಿನ್ಯಾಸ ಇರುವಂತೆ ಧ್ವನಿಗೂ ವಿನ್ಯಾಸ ಇರಬಾರದೇಕೆ ಎಂಬ ಯೋಚನೆಗೆ ಅಲ್ಲಿ ಜಾಗವಿತ್ತು.

1969ರಲ್ಲಿ ಡೇವಿಡ್ ಟ್ಯೂಡರ್ ಮತ್ತೆ ಬಂದರು. ಈ ಬಾರಿ ಅವರು ಎನ್‌ಐಡಿಯಲ್ಲಿ ಅಣಿಗೊಳಿಸಿದ್ದು 'ಮೂಗ್ ಸಿಂಥಸೈಜರ್' ಎಂಬ ಯಂತ್ರವನ್ನು. ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ಹೀಗೆ ಆರಂಭವಾಯಿತು. ಅಮೆರಿಕದ ರಾಬರ್ಟ್ ಮೂಗ್ ಈ ಯಂತ್ರದ ಮೊದಲ ರೂಪವನ್ನು ಸಿದ್ಧಪಡಿಸಿದ್ದು 1964ರಲ್ಲಿ. ಕೇವಲ ಐದು ವರ್ಷಗಳಲ್ಲಿ ಅದು ಅಹಮದಾಬಾದನ್ನು ತಲುಪಿತ್ತು ಎಂಬುದೇ ಆಶ್ಚರ್ಯ. ಟೆಲಿಫೋನು ಹಾಕಿಸಿಕೊಳ್ಳಲು ವರ್ಷಗಟ್ಟಲೆ ಕಾಯಬೇಕಾಗಿದ್ದ ದೇಶ ನಮ್ಮದಾಗಿತ್ತು.

ಮೂಗ್ ಯಂತ್ರವನ್ನು ಈಗಿನ ಕೀಬೋರ್ಡ್‌ನಂತೆ ಕಲ್ಪಿಸಿಕೊಳ್ಳಬಾರದು. ಅದನ್ನು ನೋಡಿದರೆ ಹಳೆಯ ಕಾಲದ ಟೆಲಿಫೋನ್ ವಿನಿಮಯ ಕೇಂದ್ರದ ಹಲಗೆ ನೆನಪಾದೀತು: ಸಾಲುಸಾಲು ತಿರುಗುಣಿಗಳು, ತೂತುಗಳು, ಅವುಗಳ ನಡುವೆ ಜೋತಾಡುವ ತಂತಿಗಳು. ಒಂದು ಭಾಗ ವಿದ್ಯುತ್ತಿನ ಕಂಪನವನ್ನು ಹುಟ್ಟಿಸುತ್ತದೆ. ಸ್ಪೀಕರ್ ಮೂಲಕ ಅದೇ ಸ್ವರವಾಗುತ್ತದೆ. ಇನ್ನೊಂದು ಭಾಗ ಜರಡಿಯಂತೆ ಅದನ್ನು ಸೋಸಿ, ಮೊನಚಾದ ಸ್ವರವನ್ನು ಮೆತ್ತಗೆ ಮಾಡುತ್ತದೆ. ಮತ್ತೊಂದು ಭಾಗ ಸ್ವರ ಥಟ್ಟನೆ ಏಳಬೇಕೋ ನಿಧಾನವಾಗಿ ಉಬ್ಬಬೇಕೋ ಎಂಬುದನ್ನು ನಿರ್ಧರಿಸುತ್ತದೆ. ಮೂಗ್ ಅವರ ಜಾಣ್ಮೆ ಇದ್ದದ್ದು ಇವೆಲ್ಲವನ್ನೂ ವಿದ್ಯುತ್ ಒತ್ತಡದಿಂದಲೇ ನಿಯಂತ್ರಿಸುವಂತೆ ಮಾಡಿದ್ದರಲ್ಲಿ. ಒಂದು ಭಾಗದಿಂದ ಹೊರಟ ವಿದ್ಯುತ್ತು ಇನ್ನೊಂದು ಭಾಗದ ಕಿವಿ ಹಿಂಡಬಹುದು. ತಂತಿಯನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ವಾದ್ಯವೇ ಬದಲಾದಂತೆ.

ಈ ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಇಂದು ಸಿಕ್ಕ ಧ್ವನಿ ನಾಳೆ ಹಾಗೇ ಸಿಗುವ ಖಾತರಿಯಿಲ್ಲ. ಆದ್ದರಿಂದ ಎಲ್ಲವನ್ನೂ ಟೇಪಿನ ಮೇಲೆ ಹಿಡಿದಿಡಬೇಕಿತ್ತು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಬಹುದು, ತುದಿಗೆ ತುದಿ ಜೋಡಿಸಿ ಬಳೆಯಂತೆ ಸುತ್ತಿಸಬಹುದು, ಹಿಂದುಮುಂದಾಗಿ ಓಡಿಸಬಹುದು. ಸಂಗೀತ ಇದ್ದದ್ದು ಆ ಟೇಪಿನಲ್ಲಿ ಮಾತ್ರ. ಟೇಪು ಹೋದರೆ ಸಂಗೀತವೂ ಹೋದಂತೆ.

ಐವರು ಪ್ರಯೋಗಶೀಲರು

ಈ ಸ್ಟುಡಿಯೊದಲ್ಲಿ ಕೂತು ಕೆಲಸ ಮಾಡಿದ ಐವರು ಭಾರತೀಯರ ರಚನೆಗಳು ಈಗಿನ ಆಲ್ಬಂನಲ್ಲಿವೆ: ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಜಿನರಾಜ್ ಜೋಶಿಪುರ.

ರಚನೆಗಳ ಹೆಸರುಗಳೇ ಆ ಕಾಲದ ಕನಸುಗಳನ್ನು ಹೇಳುತ್ತವೆ. ಜೋಶಿಪುರ ಅವರ ರಚನೆ 'ಸ್ಪೇಸ್ ಲೈನರ್ 2001'. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು, ಭಾರತದಲ್ಲಿ ಇಸ್ರೊ ಸ್ಥಾಪನೆಯಾದದ್ದು ಎರಡೂ 1969ರಲ್ಲೇ. ತರುಣನ ಮನಸ್ಸು ಬಾಹ್ಯಾಕಾಶಕ್ಕೆ ಹಾರಿದ್ದರಲ್ಲಿ ಅಚ್ಚರಿಯಿಲ್ಲ. ಮಾಥುರ್ ಅವರದು 'ಮೈ ಬರ್ಡ್ಸ್', ಅಂದರೆ ನನ್ನ ಹಕ್ಕಿಗಳು. ಶರ್ಮ ಯಂತ್ರದಿಂದ ನೃತ್ಯಕ್ಕೆ ಸಂಗೀತ ಹೊರಡಿಸಿದರು. ದೇಸಾಯಿ ಅವರ ಧ್ವನಿಮುದ್ರಣದ ಹೆಸರಿನಲ್ಲಿ 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವ ಪ್ರದರ್ಶನದ ಪ್ರಸ್ತಾಪವಿದೆ. ಇನ್ನೊಂದು ರಚನೆಗೆ 'ಒಮ್ಮೆ ನಾನು ತಂಬೂರಿ ನುಡಿಸಿದೆ' ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ.

ಈ ಕೊನೆಯ ಹೆಸರು ಗಮನಿಸಬೇಕಾದ್ದು. ಇದೇ ಮೂಗ್ ಯಂತ್ರದಲ್ಲಿ ಅಮೆರಿಕದ ವೆಂಡಿ ಕಾರ್ಲೋಸ್ ಬಾಖ್‌ನ ಕೃತಿಗಳನ್ನು ನುಡಿಸಿ 1968ರಲ್ಲಿ ಹೊರತಂದ ತಟ್ಟೆ ಜಗತ್ಪ್ರಸಿದ್ಧವಾಗಿತ್ತು. ಅಲ್ಲಿ ಪಿಯಾನೊದ ಹನ್ನೆರಡು ಮನೆಗಳು ಯಂತ್ರದ ಜೊತೆಗೇ ಬಂದವು. ಶ್ರುತಿ, ಮೀಂಡ್, ಗಮಕಗಳಲ್ಲಿ ಬೆಳೆದ ಕಿವಿಗೆ ಅದೇ ತಿರುಗುಣಿ ಬೇರೆ ದಾರಿ ತೋರಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಬೇಕಾಗಿಲ್ಲ, ಜಾರಬಹುದು. ಒಂದೇ ಷಡ್ಜವನ್ನು ಹಿಡಿದು ಅದರೊಳಗಿನ ಸೂಕ್ಷ್ಮ ಸ್ವರಗಳನ್ನು ಒಂದೊಂದಾಗಿ ಬೆಳಕಿಗೆ ತರಬಹುದು. ತಂಬೂರಿ ತನ್ನ ಜವಾರಿಯಿಂದ ಮಾಡುವುದೂ ಅದನ್ನೇ.

ಆದರೆ ಈ ಉತ್ಸಾಹ ಬಹುಕಾಲ ಬಾಳಲಿಲ್ಲ. ಉಳಿದ ಧ್ವನಿಮುದ್ರಣಗಳು 1972ಕ್ಕೆ ನಿಲ್ಲುತ್ತವೆ. ಕಲಿತವರು ಬೇರೆ ದಾರಿ ಹಿಡಿದರು, ಟೇಪುಗಳು ಕಪಾಟು ಸೇರಿದವು. ಭಾರತೀಯ ಸಂಗೀತದ ಇತಿಹಾಸ ಬರೆದವರಿಗೂ, ಎಲೆಕ್ಟ್ರಾನಿಕ್ ಸಂಗೀತದ ಇತಿಹಾಸ ಬರೆದವರಿಗೂ ಈ ಅಧ್ಯಾಯ ಕಣ್ಣಿಗೆ ಬೀಳಲಿಲ್ಲ.

ನಾಲ್ಕೂವರೆ ದಶಕದ ನಿದ್ದೆ

2017ರಲ್ಲಿ ಲಂಡನ್ನಿನ ಕಲಾವಿದ, ಸಂಗೀತಗಾರ ಪಾಲ್ ಪರ್ಗಾಸ್ ಅಹಮದಾಬಾದಿಗೆ ಬಂದು, ಎನ್‌ಐಡಿಯ ದಾಖಲೆ ಕೋಣೆಯಲ್ಲಿ ಈ ಟೇಪುಗಳನ್ನು ಕಂಡರು. ಎರಡು ಡಜನ್ನಿಗೂ ಹೆಚ್ಚು ಸುರುಳಿಗಳಿದ್ದವು. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಪುಡಿ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಅಂಟು ಸಡಿಲಾಗುತ್ತದೆ. ಹಾಗೆ ಸಡಿಲಾದ ಟೇಪನ್ನು ಅವಸರದಿಂದ ಓಡಿಸಿದರೆ ಪುಡಿ ಉದುರಿ ಧ್ವನಿ ಶಾಶ್ವತವಾಗಿ ಅಳಿಸಿಹೋಗುತ್ತದೆ. ಕೇಳುವ ಆಸೆಯೇ ಕೇಳುವ ವಸ್ತುವನ್ನು ಕೊಲ್ಲಬಹುದು. ಈ ಸುರುಳಿಗಳ ಧ್ವನಿಯನ್ನು ಡಿಜಿಟಲ್ ರೂಪಕ್ಕೆ ಇಳಿಸಲಾಯಿತು. 2020ರಲ್ಲಿ ಬಿಬಿಸಿ ರೇಡಿಯೊದಲ್ಲಿ ಈ ಕುರಿತು ಪರ್ಗಾಸ್ ಅವರ ಸಾಕ್ಷ್ಯಕಾರ್ಯಕ್ರಮ ಬಂತು. ಆಮೇಲೆ ಆಲ್ಬಂ, ಅದರ ಜೊತೆಗೆ ಪರ್ಗಾಸ್ ಸಂಪಾದಿಸಿದ ಪುಸ್ತಕ.

2011ರಲ್ಲಿ ತೀರಿಕೊಂಡ ಗೀತಾ ಸಾರಾಭಾಯಿ ಇದನ್ನು ನೋಡಲಿಲ್ಲ.

ಯಾರಿಂದ ಯಾರಿಗೆ?

ಆಂಬಿಯೆಂಟ್ ಸಂಗೀತದ ಇತಿಹಾಸವನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಬ್ರಯನ್ ಈನೋ ಅವರಿಂದ ಆರಂಭಿಸುತ್ತಾರೆ. 1975ರಲ್ಲಿ ಅಪಘಾತವಾಗಿ ಮಲಗಿದ್ದಾಗ ಗೆಳತಿಯೊಬ್ಬರು ತಂದುಕೊಟ್ಟ ಹಾರ್ಪ್ ಸಂಗೀತದ ತಟ್ಟೆ ಹಾಕಿಕೊಂಡರಂತೆ. ಸದ್ದು ತೀರಾ ಸಣ್ಣಗಿತ್ತು. ಎದ್ದು ಸರಿಪಡಿಸಲು ಶಕ್ತಿಯಿರಲಿಲ್ಲ. ಹೊರಗಿನ ಮಳೆಯ ಸದ್ದಿನಲ್ಲಿ ಸಂಗೀತ ಬೆರೆತುಹೋಯಿತು. ಸಂಗೀತವನ್ನು ಹೀಗೂ ಕೇಳಬಹುದಲ್ಲ ಎಂದು ಅವರಿಗೆ ಹೊಳೆಯಿತು. 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಆಲ್ಬಂನಿಂದ ಆಂಬಿಯೆಂಟ್ ಎಂಬ ಹೆಸರೂ ನಿಂತಿತು.

ಆದರೆ ಈನೋಗೆ ಮೊದಲೇ ಅಮೆರಿಕದ ಲಾ ಮಾಂಟ್ ಯಂಗ್, ಟೆರಿ ರೈಲಿ ಮುಂತಾದವರು ಎಡೆಬಿಡದ ನಾದದ ಬೆನ್ನು ಹತ್ತಿದ್ದರು. ಅವರಿಬ್ಬರೂ 1970ರಲ್ಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾಗಿ ವರ್ಷಗಟ್ಟಲೆ ಕಲಿತರು. ಕಿರಾಣಾ ಎಂದೊಡನೆ ಕನ್ನಡಿಗರ ಕಿವಿ ನಿಮಿರುತ್ತದೆ. ಕುಂದಗೋಳದ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರೆಲ್ಲ ಇದೇ ಘರಾಣೆಯವರು. ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಹಿಗ್ಗಿಸಿ, ಅದರೊಳಗೇ ಮನೆ ಮಾಡಿಕೊಳ್ಳುವ ಆ ಗಾಯನ ಧಾರವಾಡದ ಶ್ರೋತೃಗಳಿಗೆ ಹೊಸದಲ್ಲ. ನ್ಯೂಯಾರ್ಕಿನವರಿಗೆ ಅದು ಹೊಸ ಲೋಕವಾಗಿತ್ತು.

ತಂಬೂರಿಯ ನಾದವನ್ನು ಯಂತ್ರಕ್ಕೆ ಇಳಿಸುವ ಆಸೆಯೂ ಅಹಮದಾಬಾದಿನಲ್ಲಿ ಸಾಯಲಿಲ್ಲ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರಿಗೆ ಬೇಕಾಗಿದ್ದುದು ಸಂಗೀತಗಾರನ ಕೈಚೀಲದಲ್ಲಿ ಹಿಡಿಸುವ ನಂಬಿಗಸ್ತ ಶ್ರುತಿ. ಅದು ಮನೆಮನೆಯ ಸಾಧನೆಯ ಸಂಗಾತಿಯಾಯಿತು. ಅದನ್ನು ಯಾರೂ ಪ್ರಾಯೋಗಿಕ ಸಂಗೀತ ಎಂದು ಕರೆಯಲಿಲ್ಲ.

ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರ ಕತೆಯೂ ಇಂಥದೇ. 1982ರಲ್ಲಿ ಅವರು ಜಪಾನಿನ ರೋಲ್ಯಾಂಡ್ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಧ್ವನಿಮುದ್ರಿಸಿದರು. ತಟ್ಟೆ ಮಾರಾಟವಾಗಲಿಲ್ಲ. ಅಂಥದೇ ಧ್ವನಿಯ ಸಂಗೀತ 1987ರ ಹೊತ್ತಿಗೆ ಶಿಕಾಗೊದಿಂದ ಹೊರಟು ಜಗತ್ತನ್ನು ಕುಣಿಸಿತು. 2010ರಲ್ಲಿ ವಿದೇಶಿ ಆಸಕ್ತರು ಚರಣ್‌ಜಿತ್ ಅವರ ತಟ್ಟೆಯನ್ನು ಮರುಬಿಡುಗಡೆ ಮಾಡಿದ ಮೇಲೆ ಅವರು ಯೂರೋಪಿನ ವೇದಿಕೆಗಳನ್ನು ಏರಿದರು. 2015ರಲ್ಲಿ ತೀರಿಕೊಳ್ಳುವ ಮುನ್ನ ಚಪ್ಪಾಳೆಯನ್ನಾದರೂ ಕೇಳಿದರು.

ನಾವೇ ಮೊದಲು ಮಾಡಿದೆವು ಎಂದು ಎದೆ ತಟ್ಟಿಕೊಳ್ಳಲು ಈ ಕತೆಗಳು ಬರುವುದಿಲ್ಲ. ಎನ್‌ಐಡಿಯ ಯಂತ್ರ ಅಮೆರಿಕದ್ದು, ಅದನ್ನು ಜೋಡಿಸಿದವರು ಅಮೆರಿಕನ್ನರು. ಆ ಅಮೆರಿಕನ್ನರ ಗುಂಪಿಗೆ ಮೌನದ ಪಾಠ ಹೇಳಿದವರಲ್ಲಿ ಅಹಮದಾಬಾದಿನ ಹೆಣ್ಣುಮಗಳೊಬ್ಬರಿದ್ದರು. ಕೊಟ್ಟದ್ದೆಷ್ಟು, ತೆಗೆದುಕೊಂಡದ್ದೆಷ್ಟು ಎಂದು ಗೆರೆ ಎಳೆಯುವುದು ಕಷ್ಟ.

ಗೆರೆ ಎಳೆಯಬಹುದಾದದ್ದು ಉಳಿಸಿಕೊಂಡದ್ದಕ್ಕೂ ಕಳೆದುಕೊಂಡದ್ದಕ್ಕೂ ನಡುವೆ. ಈ ಎರಡು ಸಲವೂ ನಮ್ಮ ಸಂಗೀತವನ್ನು ಹುಡುಕಿ ತೆಗೆದವರು ಹೊರಗಿನವರು. ಎನ್‌ಐಡಿಯ ಟೇಪುಗಳು ಸಂಸ್ಥೆಯೊಂದರ ಕಪಾಟಿನಲ್ಲಿದ್ದವು, ಸದ್ಯ ಉಳಿದವು. ಸಭಾಗಳ ಕೋಣೆಗಳಲ್ಲಿ, ತೀರಿಕೊಂಡ ವಿದ್ವಾಂಸರ ಮನೆಯ ಅಟ್ಟಗಳಲ್ಲಿ, ನಾಟಕ ಕಂಪೆನಿಗಳ ಹಳೆಯ ಪೆಟ್ಟಿಗೆಗಳಲ್ಲಿ ಇರುವ ಸುರುಳಿಗಳಿಗೆ ಅಂಥ ಆಸರೆ ಇಲ್ಲ. ಪ್ರತಿ ಮಳೆಗಾಲಕ್ಕೂ ಅವುಗಳ ಅಂಟು ಇನ್ನಷ್ಟು ಸಡಿಲವಾಗುತ್ತದೆ.