ಕೀಲಿ ಕೊರಿಯರ್‌ನಲ್ಲಿ ಬರುತ್ತದಂತೆ!

ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ಬೆಂಗಳೂರಿಗರಿಗೆ ಇದು ಅಚ್ಚರಿ: ಜರ್ಮನಿಯಲ್ಲಿ ಮನೆ ಮಾಲೀಕರು ಕೇಳಬಹುದಾದ ಠೇವಣಿ ಹೆಚ್ಚೆಂದರೆ 3 ತಿಂಗಳ ಬಾಡಿಗೆ. ಹೀಟಿಂಗ್, ನೀರಿನ ಖರ್ಚು ಆ ಲೆಕ್ಕಕ್ಕಿಲ್ಲ. ಆ ಠೇವಣಿಯನ್ನೂ 3 ಸಮಾನ ಮಾಸಿಕ ಕಂತುಗಳಲ್ಲಿ ಕಟ್ಟಬಹುದು. ಮೊದಲ ಕಂತು ಕಟ್ಟಬೇಕಾದ್ದು ಬಾಡಿಗೆ ಅವಧಿ ಶುರುವಾದಾಗ. ಕಾನೂನೇ ಹೀಗಿರುವಾಗ, ಬರ್ಲಿನ್ ಮನೆಯ ಚೆಂದದ ಫೋಟೊ ತೋರಿಸಿ, ‘ನಾನೀಗ ಬೇರೆ ದೇಶದಲ್ಲಿದ್ದೇನೆ, ಪೂರ್ತಿ ದುಡ್ಡು ಹಾಕಿ, ಕೀಲಿ ಕೊರಿಯರ್ ಮಾಡ್ತೀನಿ’ ಎನ್ನುವವರಿಗೆ ಇಲ್ಲಿಂದಲೇ ಹಣ ಕಳಿಸುವುದೇಕೆ? ನಂಬಿಸಲು ಅವರು ಕಳಿಸುವ ಪಾಸ್‌ಪೋರ್ಟ್ ಪ್ರತಿಯೂ ಇನ್ಯಾರದೋ ಆಗಿರಬಹುದು. ಅಲ್ಲಿಗೆ ಹೋದ ಮೊದಲ ಕೆಲವು ವಾರ ಹಾಸ್ಟೆಲಿನಲ್ಲೋ ಪರಿಚಿತರ ಮನೆಯಲ್ಲೋ ಇದ್ದು, ಮನೆಯನ್ನು ಕಣ್ಣಾರೆ ನೋಡಿ, ಕರಾರಿಗೆ ಸಹಿ ಹಾಕಿದ ಮೇಲೆ ಬ್ಯಾಂಕ್ ಮೂಲಕವೇ ಹಣ ಕೊಡಿ. ವಿದ್ಯಾರ್ಥಿಗಳಿಗೆ ಸ್ಟುಡಿರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಗಳ ಹಾಸ್ಟೆಲುಗಳೂ ಉಂಟು. ಕಾಯುವವರ ಪಟ್ಟಿ ಮಾತ್ರ ಬಲು ಉದ್ದ.